ಎರಕ: ಕರಗಿದ್ದೆಲ್ಲ ಎರಕವಲ್ಲ, ‘ಎರ’ ಅಂದದ್ದೆಲ್ಲ ಒಂದೇ ಬೇರಲ್ಲ

ಸಿಂಧೂ ಮುದ್ರೆಗಳ ಮೇಲಿರುವ ಗಾಲಿಯಂಥ ಗುರುತನ್ನು ‘ಎರಕ’ ಅಂತ ಓದಬೇಕು. ಯಾಕಂದ್ರೆ ಎರಕ ಅಂದರೆ ಗಾಲಿಯ ಗುಂಬ. ಅದೇ ಉಚ್ಚಾರದ ಇನ್ನೊಂದು ಕನ್ನಡ ಪದ ಎರಕ, ಅಂದರೆ ಕರಗಿಸಿ ಹೊಯ್ದ ಲೋಹ. ಹಾಗಾಗಿ ಹರಪ್ಪದ ಮುದ್ರೆಗಳು ಲೋಹ ಕೆಲಸದವರ ಲೆಕ್ಕಪತ್ರ. ಈ ವಾದ ಇಂಟರ್ನೆಟ್ಟಿನಲ್ಲಿ ಹಲವು ವರ್ಷಗಳಿಂದ ಓಡಾಡುತ್ತಿದೆ. ಗಾಲಿಯ ಚಿತ್ರ, ಪಕ್ಕದಲ್ಲಿ ನಿಘಂಟಿನ ಒಂದು ತುಣುಕು, ಕೆಳಗೆ ‘ಕನ್ನಡ ಐದು ಸಾವಿರ ವರ್ಷ ಹಳೆಯದು’ ಅನ್ನೋ ಸಾಲು. ನಮ್ಮಂಥ ಶಾಸನಾಸಕ್ತರ ಗುಂಪುಗಳಲ್ಲೂ ಇದು ಆಗಾಗ ಬಂದು ಹೋಗುತ್ತೆ, ನೂರಾರು ಜನ ಮೆಚ್ಚುತ್ತಾರೆ.

ಹರಪ್ಪ ನನ್ನ ಕ್ಷೇತ್ರ ಅಲ್ಲ. ಆದರೆ ಈ ವಾದದ ಮುಖ್ಯ ಸಾಕ್ಷಿ ಒಂದು ಕನ್ನಡ ಪದ. ಆ ಪದಕ್ಕೆ ನಮ್ಮ ಕಲ್ಲುಗಳಲ್ಲಿ, ನಮ್ಮ ವ್ಯಾಕರಣದಲ್ಲಿ, ನಮ್ಮ ಅಡುಗೆಮನೆಯಲ್ಲಿ ಇತಿಹಾಸ ಇದೆ. ಸಾಕ್ಷಿ ನಮ್ಮ ಮನೆಯವನಾದಾಗ ಅವನನ್ನು ಪ್ರಶ್ನೆ ಮಾಡುವ ಹೊಣೆಯೂ ನಮ್ಮದೇ. ಇನ್ನೊಂದು ಕಾರಣವೂ ಇದೆ. ಈ ವಾದ ಯಾವ ಅಡ್ಡದಾರಿ ಹಿಡಿಯುತ್ತದೋ ಅದೇ ದಾರಿಯನ್ನು ನಮ್ಮೂರಿನ ಶಾಸನಗಳನ್ನು ಓದುವಾಗಲೂ ಹಿಡಿಯುತ್ತಿದ್ದೇವೆ. ಅದರ ನಷ್ಟ ಹರಪ್ಪಕ್ಕಿಂತ ಹೆಚ್ಚಾಗಿ ನಮಗೇ.

ಎರಕ ಅಂದರೆ ಏನು?

ಘನವಾದದ್ದು ದ್ರವವಾಗುವುದಕ್ಕೆ ಕನ್ನಡದ ಸಾಮಾನ್ಯ ಪದ ‘ಕರಗು’. ಬೆಣ್ಣೆ ಕರಗುತ್ತೆ, ಉಪ್ಪು ನೀರಲ್ಲಿ ಕರಗುತ್ತೆ, ಮನಸ್ಸು ಕರಗುತ್ತೆ, ದುಡ್ಡೂ ಕರಗುತ್ತೆ. ಕರಗುವುದಕ್ಕೆ ಬಿಸಿ ಬೇಕೇ ಬೇಕು ಅಂತಿಲ್ಲ. ಕರಗಿದ್ದು ಎಲ್ಲಿಗಾದರೂ ಹರಿಯಬೇಕು ಅಂತಲೂ ಇಲ್ಲ.

‘ಎರಕ’ ಹಾಗಲ್ಲ. ಇದನ್ನು ಲೋಹಕ್ಕೆ ಮಾತ್ರ ಹೇಳುತ್ತೇವೆ. ಉಪ್ಪು ಎರಕವಾಯಿತು, ಬೆಣ್ಣೆ ಎರಕವಾಯಿತು ಅಂತ ಯಾರೂ ಅನ್ನಲ್ಲ. ನಿಘಂಟುಗಳು ‘ಕರಗಿದ ಸ್ಥಿತಿ’ ಅಂತಲೂ ‘ಅಚ್ಚಿಗೆ ಹೊಯ್ದದ್ದು’ ಅಂತಲೂ ಎರಡು ಅರ್ಥ ಕೊಡುತ್ತವೆ. ಇವೆರಡರಲ್ಲಿ ಯಾವುದು ಮೊದಲು?

ಉತ್ತರ ಕ್ರಿಯಾಪದದಲ್ಲಿದೆ. ಎರಕದ ಹಿಂದೆ ಇರುವುದು ‘ಎರೆ’, ಅಂದರೆ ಸುರಿ, ಹೊಯ್ಯಿ. ದೋಸೆ ಎರೆಯುತ್ತೇವೆ. ಗಿಡಕ್ಕೆ ನೀರೆರೆಯುತ್ತೇವೆ. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತಾರೆ. ಮಗಳನ್ನು ಧಾರೆ ಎರೆದು ಕೊಡುತ್ತಾರೆ. ಉತ್ತರ ಕರ್ನಾಟಕದಲ್ಲಿ ತಲೆಸ್ನಾನಕ್ಕೆ ‘ಎರಕೊಳ್ಳೋದು’ ಅಂತಲೇ ಹೆಸರು. ಈ ಪಟ್ಟಿಯಲ್ಲಿ ಎಲ್ಲೂ ಕರಗುವ ಮಾತಿಲ್ಲ, ಬಿಸಿಯ ಮಾತಂತೂ ಮೊದಲೇ ಇಲ್ಲ. ಮೇಲಿನಿಂದ ಕೆಳಕ್ಕೆ ಒಂದೇ ಸಮ ಸುರಿಯುವುದು, ಅಷ್ಟೇ. ಹಾಗಾಗಿ ಎರಕದ ಮೂಲಾರ್ಥ ‘ಸುರಿದದ್ದು’. ಸುರಿಯಬೇಕಾದರೆ ಲೋಹ ಮೊದಲು ಕರಗಿರಬೇಕಲ್ಲ, ಆ ದಾರಿಯಲ್ಲಿ ‘ಕರಗಿದ ಸ್ಥಿತಿ’ ಅನ್ನೋ ಅರ್ಥ ಆಮೇಲೆ ಸೇರಿಕೊಂಡಿದೆ. ತುಳುವಿನಲ್ಲಿ ಈ ಬದಲಾವಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ‘ಎರಕ’ದ ಜೊತೆಗೆ ‘ಎರಗುನಿ’ ಅನ್ನೋ ಕ್ರಿಯಾಪದವೂ ಇದೆ, ಅದರ ಅರ್ಥ ನೇರವಾಗಿ ಕರಗುವುದು.

ಹೀಗೆ ಸುರಿಯುವ ಪದವೇ ಲೋಹದ ಅಚ್ಚುಕೆಲಸಕ್ಕೆ ಹೆಸರಾಗುವುದು ಅಪರೂಪವೇನಲ್ಲ. ತೆಲುಗಿನಲ್ಲಿ ‘ಪೋಯು’ ಅಂದರೆ ಸುರಿ, ‘ಪೋತ’ ಅಂದರೆ ಎರಕ. ತಮಿಳಿನಲ್ಲಿ ‘ವಾರ್’ ಅಂದರೆ ಸುರಿ, ‘ವಾರ್ಪ್ಪು’ ಅಂದರೆ ಎರಕ. ನಾವು ದಿನಾ ಬಳಸುವ ‘ಫೌಂಡ್ರಿ’ಯ ಹಿಂದಿರುವ ಲ್ಯಾಟಿನ್ ಕ್ರಿಯಾಪದ ‘ಫುಂಡೆರೆ’, ಅದಕ್ಕೂ ಸುರಿಯುವುದು ಅಂತಲೇ ಅರ್ಥ. ‘ಫುಂಡೆರೆ’ಯ ಬಾಲದಲ್ಲಿ ‘ಎರೆ’ ಕಂಡು ಖುಷಿಪಡುವವರು ಸ್ವಲ್ಪ ತಡೆಯಿರಿ. ಅದು ಲ್ಯಾಟಿನ್ನಿನ ಸಾವಿರಾರು ಕ್ರಿಯಾಪದಗಳಿಗೆ ಅಂಟುವ ಪ್ರತ್ಯಯ. ಅರ್ಥ ಒಂದೇ, ದನಿಯೂ ಹತ್ತಿರ, ಆದರೂ ಸಂಬಂಧ ಸೊನ್ನೆ. ಕಾಕತಾಳೀಯ ಎಷ್ಟು ಚೆನ್ನಾಗಿ ಮೋಸ ಮಾಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗೋದು ಕಷ್ಟ.

ಕೆಲಸದ ದೃಷ್ಟಿಯಿಂದ ನೋಡಿದರೂ ಈ ಹೆಸರು ಸರಿಯಾಗಿದೆ. ತಾಮ್ರ ಕರಗುವುದು ಸುಮಾರು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತವರ ಬೆರೆಸಿದರೆ ಅದಕ್ಕಿಂತ ಕಡಿಮೆಯಲ್ಲಿ. ಅಷ್ಟು ಬಿಸಿ ಹುಟ್ಟಿಸುವುದು ಕಷ್ಟವೇ. ಆದರೆ ಕೆಲಸ ಕೆಡುವುದು ಹೆಚ್ಚಾಗಿ ಹೊಯ್ಯುವಾಗ. ಧಾರೆ ನಡುವೆ ಕಡಿದರೆ ಮೊದಲು ಬಿದ್ದ ಲೋಹ ತಣ್ಣಗಾಗಿ ಆಮೇಲೆ ಬಿದ್ದದ್ದರ ಜೊತೆ ಕೂಡುವುದಿಲ್ಲ, ಮೂರ್ತಿಯ ಮೈಮೇಲೆ ಬಿರುಕಿನಂಥ ಗೆರೆ ಉಳಿಯುತ್ತೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ 12ನೇ ಶತಮಾನದ ಗ್ರಂಥ. ಅದರಲ್ಲಿ ಮೇಣದ ಅಚ್ಚಿನಿಂದ ಮೂರ್ತಿ ಹೊಯ್ಯುವ ಕ್ರಮ ಇದೆ. ಮೇಣದಲ್ಲಿ ಮೂರ್ತಿ ಮಾಡಿ, ಅದರ ಮೇಲೆ ಮಣ್ಣು ಬಳಿದು, ಕಾಯಿಸಿ ಮೇಣ ಕರಗಿಸಿ ಹೊರಗೆ ಹರಿಸಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುವುದು. ಇಲ್ಲಿ ಕರಗುವ ವಸ್ತು ಎರಡು, ಮೇಣ ಮತ್ತು ಲೋಹ. ಕರಗಿ ಹೊರಗೆ ಹೋದ ಮೇಣವನ್ನು ಯಾರೂ ಎರಕ ಅನ್ನೋದಿಲ್ಲ. ಒಳಗೆ ಸುರಿದ ಲೋಹವೇ ಎರಕ. ಕರಗು ಮತ್ತು ಎರಕದ ವ್ಯತ್ಯಾಸವನ್ನು ಈ ಒಂದು ಕೆಲಸ ಪೂರ್ತಿ ತೋರಿಸಿಬಿಡುತ್ತೆ.

ಇವತ್ತು ನಾವು ‘ಎರಕ ಹೊಯ್ಯುವುದು’ ಅನ್ನುತ್ತೇವೆ. ಅಕ್ಷರಶಃ ನೋಡಿದರೆ ‘ಸುರಿದದ್ದನ್ನು ಸುರಿಯುವುದು’. ಎರಕದೊಳಗಿನ ಎರೆ ನಮ್ಮ ಕಿವಿಗೆ ಕೇಳದಷ್ಟು ಹಳತಾಯಿತು, ಹಾಗಾಗಿ ಇನ್ನೊಂದು ಸುರಿಯುವ ಪದ ಬೇಕಾಯಿತು. ಬೇರು ಮರೆತುಹೋದ ಪದದ ಸುತ್ತ ಹೊಸ ಕಥೆ ಹುಟ್ಟೋದು ಸುಲಭ.

ಶಕಟರೇಫದ ಸಾಕ್ಷಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಳಗನ್ನಡದಲ್ಲಿ ಎರಡು ರ ಇದ್ದವು. ಒಂದು ಸಾದಾ ರ. ಇನ್ನೊಂದು ಱ, ಅದರ ಹೆಸರು ಶಕಟರೇಫ, ಬಂಡಿಯ ಆಕಾರ ಇದೆ ಅಂತ ಆ ಹೆಸರು. ಎರಡೂ ಬೇರೆ ಬೇರೆ ಧ್ವನಿ, ಬೇರೆ ಬೇರೆ ಅಕ್ಷರ. ಸುರಿಯುವ ಅರ್ಥದ ಪದದ ಹಳೆಯ ರೂಪ ‘ಎಱೆ’, ಅದರಿಂದ ಆದದ್ದು ‘ಎಱಕ’. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಬಂದ ಕಿಟೆಲ್ ನಿಘಂಟು ಈ ಎರಡು ರೇಫಗಳನ್ನು ಬೇರೆಬೇರೆಯಾಗಿಯೇ ಕೊಡುತ್ತದೆ.

ಎರಡನ್ನೂ ಬೆರೆಸಿದರೆ ಏನಾಗುತ್ತೆ ನೋಡಿ:

ಎಱೆ: ಸುರಿ. ತಮಿಳಿನ ‘ಇಱೈ’, ನೀರು ಎತ್ತಿ ಹಾಯಿಸು, ಎರಚು.
ಎರೆ: ಬೇಡು. ತಮಿಳಿನ ‘ಇರ’, ಭಿಕ್ಷೆ ಬೇಡು.
ಎಱೆ, ಎಱೆಯ: ಒಡೆಯ. ತಮಿಳಿನ ‘ಇಱೈ’, ‘ಇಱೈವನ್’.
ಎರೆ: ಮೀನಿನ ಗಾಳಕ್ಕೆ ಸಿಕ್ಕಿಸುವ ಆಹಾರ, ಎರೆಹುಳು. ತಮಿಳಿನ ‘ಇರೈ’.
ಎರೆ: ಕಪ್ಪು ಅಥವಾ ಕಡುಗೆಂಪು ಬಣ್ಣ, ಎರೆಮಣ್ಣು.

ಇವತ್ತಿನ ಬರವಣಿಗೆಯಲ್ಲಿ ಐದೂ ಒಂದೇ ಥರ ಕಾಣುತ್ತವೆ. ದಾನಶಾಸನದ ಸಂದರ್ಭದಲ್ಲಿ ಇದರ ಪರಿಣಾಮ ಊಹಿಸಿಕೊಳ್ಳಿ. ನೀರೆರೆದು ಕೊಡುವವನು, ಕೈಚಾಚಿ ಬೇಡುವವನು, ಊರಿನ ಒಡೆಯ, ಮೂವರೂ ‘ಎರೆ’ಯ ಬಳಗಕ್ಕೇ ಸೇರಿಬಿಡುತ್ತಾರೆ! ಗಂಗ ದೊರೆ ಎಱೆಯಪ್ಪ, ಹೊಯ್ಸಳ ದೊರೆ ಎಱೆಯಂಗ ಇವರ ಹೆಸರಲ್ಲಿರುವುದು ಒಡೆಯ ಅನ್ನೋ ಅರ್ಥದ ಎಱೆ. ಸಾದಾ ರ ಹಾಕಿ ಬರೆದು, ಆಮೇಲೆ ಅದರಲ್ಲಿ ಬೇಡುವ ಅರ್ಥ ಹುಡುಕಿದರೆ ರಾಜನನ್ನೇ ಭಿಕ್ಷೆಗೆ ಕಳಿಸಿದ ಹಾಗೆ.

‘ಎರಡೂ ರ ತಾನೇ, ಅಷ್ಟೇನು ವ್ಯತ್ಯಾಸ?’ ಅನ್ನುವವರಿಗೆ ಶಾಸನಕ್ಕೆ ಹೋಗುವ ಮೊದಲೇ ನಮ್ಮ ಬಾಯಲ್ಲೇ ಉತ್ತರ ಇದೆ. ಹೆರು ಅನ್ನೋದಕ್ಕೆ ಹೆತ್ತಳು, ತೆರು ಅನ್ನೋದಕ್ಕೆ ತೆತ್ತನು, ಹೊರು ಅನ್ನೋದಕ್ಕೆ ಹೊತ್ತನು. ಆದರೆ ಬರು ಅನ್ನೋದಕ್ಕೆ ಬಂದನು, ತರು ಅನ್ನೋದಕ್ಕೆ ತಂದನು. ಮೇಲ್ನೋಟಕ್ಕೆ ಎಲ್ಲವೂ ‘ರು’ದಲ್ಲೇ ಮುಗಿಯುವ ಧಾತುಗಳು. ಮೊದಲ ಮೂರಕ್ಕೆ ಮಾತ್ರ ತ್ತ ಯಾಕೆ ಬಂತು? ಯಾಕಂದ್ರೆ ಅವು ಪೆಱು, ತೆಱು, ಪೊಱು. ಱ ಅನ್ನೋದು ಮೂಲದಲ್ಲಿ ನಾಲಿಗೆಯನ್ನು ಹಲ್ಲಿನ ಹಿಂದಿನ ವಸಡಿಗೆ ಒತ್ತಿ ಬಿಡುವ ಸ್ಪರ್ಶಧ್ವನಿ, ತ ಮತ್ತು ಟ ಇವುಗಳ ನೆರೆಯವನು. ಭೂತಕಾಲದ ಪ್ರತ್ಯಯ ಸೇರಿದಾಗ ಅದರ ಹಳೆಯ ಸ್ವಭಾವ ತ್ತ ಆಗಿ ಹೊರಗೆ ಬರುತ್ತೆ. ಱ ಅಕ್ಷರ ನಮ್ಮ ವರ್ಣಮಾಲೆಯಿಂದ ಹೋಗಿ ಎಷ್ಟೋ ಕಾಲ ಆಯಿತು, ಆದರೆ ‘ಹೆತ್ತ ತಾಯಿ’ ಅನ್ನುವಾಗಲೆಲ್ಲ ಅದರ ಗುರುತು ನಮ್ಮ ಬಾಯಲ್ಲಿದೆ.

ಇದೇ ಮಾತನ್ನು ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರಲ್ಲೇ ಹೇಳುತ್ತೆ. ಅಲ್ಲಿ ‘ಪೆತ್ತ’ ಇದೆ, ಜಯವನ್ನು ಪಡೆದ ಅನ್ನೋ ಅರ್ಥದಲ್ಲಿ, ಪೆಱುವಿನ ಭೂತರೂಪ. ಅದೇ ಶಾಸನದಲ್ಲಿ ವಿಜ ಅರಸನಿಗೆ ಕೊಟ್ಟದ್ದು ‘ಬಾಳ್ಗೞ್ಚು’, ಕತ್ತಿ ತೊಳೆದು ಕೊಟ್ಟ ದತ್ತಿ. ಕತ್ತಿಯ ನೆತ್ತರನ್ನು ತೊಳೆಯುವ ಆ ‘ಕೞ್ಚು’ವೇ ಮುಂದೆ ದಾನಶಾಸನಗಳಲ್ಲಿ ‘ಕಾಲಂ ಕರ್ಚಿ’ ಅಂತ ಸಾವಿರ ಸಲ ಬರುವ ಕರ್ಚು. ಅಲ್ಲಿ ೞ ಇದ್ದದ್ದು ಇಲ್ಲಿ ರ ಆಯಿತು. ಈ ‘ಕರ್ಚು’ವಿನಲ್ಲಿರುವ ರ ಕಂಡು ಅದನ್ನು ‘ಕರಗು’ವಿಗೆ ಗಂಟು ಹಾಕಿದರೆ ಮತ್ತೊಂದು ತಪ್ಪು ಹುಟ್ಟುತ್ತೆ. ಒಂದಕ್ಕೆ ಮೂಲ ೞ, ತಮಿಳಿನ ‘ಕೞುವು’. ಇನ್ನೊಂದಕ್ಕೆ ಮೂಲ ರ, ತಮಿಳಿನ ‘ಕರೈ’. ಎರಡೂ ನೀರಿನ ಕೆಲಸವೇ, ಆದರೂ ಬೇರೆ ಬೇರೆ ಬೇರು.

ಈ ಪರೀಕ್ಷೆಗೆ ಮಿತಿಯೂ ಇದೆ, ಅದನ್ನೂ ಹೇಳಬೇಕು. ರ ಮತ್ತು ಱ ಬೇರೆ ಆದರೆ ಪದಗಳು ಬೇರೆ ಅಂತ ಹೇಳಬಹುದು. ಎರಡರಲ್ಲೂ ಱ ಇದ್ದ ಮಾತ್ರಕ್ಕೆ ಒಂದೇ ಪದ ಅಂತ ಹೇಳೋಕಾಗಲ್ಲ. ಬಾಗುವ, ನಮಸ್ಕರಿಸುವ ಅರ್ಥದ ‘ಎಱಗು’ ಇದೆ. ಅದರ ಬಳಗದಲ್ಲಿ ಒಲವು ಅನ್ನೋ ಅರ್ಥದ ಎಱಕವೂ ಬರುತ್ತೆ. ರೆಕ್ಕೆಯ ಹಳೆಯ ರೂಪ ‘ಎಱಕೆ’, ಅದೂ ಱ. ಇವನ್ನೆಲ್ಲ ಲೋಹದ ಎಱಕಕ್ಕೆ ತಳಕು ಹಾಕಿ ‘ಮನಸ್ಸು ಕರಗುವುದೇ ಒಲವು’ ಅಂತ ಕವಿತೆ ಬರೆಯಬಹುದು, ನಿರುಕ್ತ ಬರೆಯೋಕಾಗಲ್ಲ. ಇನ್ನೊಂದು ಮಿತಿ ಕಾಲದ್ದು. ನಡುಗನ್ನಡದ ಹೊತ್ತಿಗೆ ಎರಡೂ ರೇಫಗಳು ಉಚ್ಚಾರದಲ್ಲಿ ಬೆರೆತವು, ಕಂಡರಿಸುವವರು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕತೊಡಗಿದರು. ವಿಜಯನಗರದ ಶಾಸನದಲ್ಲಿ ‘ಧಾರೆಯನೆರೆದು’ ಅಂತ ಸಾದಾ ರ ಕಂಡರೆ ಅದರಿಂದ ಬೇರಿನ ಬಗ್ಗೆ ಏನೂ ಸಿದ್ಧವಾಗಲ್ಲ. ಹಳೆಯ ಕಲ್ಲಿನ ಸಾಕ್ಷಿಗೇ ಇಲ್ಲಿ ಬೆಲೆ ಜಾಸ್ತಿ.

ಗಾಲಿಗೆ ಎಲ್ಲಿಂದ ಬಂತು ಎರಕ?

ಈಗ ಹರಪ್ಪದ ವಾದವನ್ನು ಒಂದೊಂದೇ ಹೆಜ್ಜೆ ಪರೀಕ್ಷೆ ಮಾಡೋಣ.

ಮೊದಲನೆಯದು, ‘ಎರಕ ಅಂದರೆ ಗಾಲಿಯ ಗುಂಬ’. ಇದಕ್ಕೆ ಆಧಾರವಾಗಿ ತೋರಿಸುವುದು ಇರಸು ಮತ್ತು ಅದರ ಬಳಗದ ಪದಗಳನ್ನು. ಇರಸು ಅಂದರೆ ಅಚ್ಚು, ಎರಡು ಗಾಲಿಗಳ ನಡುವೆ ಹಾಯುವ ದಂಡ. ಗುಂಬ ಅಂದರೆ ಗಾಲಿಯ ನಟ್ಟನಡುವಿನ ದಪ್ಪ ಮರ, ಅರಗಳು ನೆಟ್ಟಿರುವ ಜಾಗ. ಬಂಡಿ ಕಂಡವರಿಗೆ ಇವೆರಡೂ ಬೇರೆ ಅಂತ ಹೇಳಿಕೊಡಬೇಕಾಗಿಲ್ಲ. ಇರಸುವಿನ ತಮಿಳು ಜೋಡಿ ‘ಇರುಚು’, ತೆಲುಗಿನದು ‘ಇರುಸು’. ಎಲ್ಲ ಕಡೆಯೂ ಸಾದಾ ರ. ಎಱಕದ್ದು ಱ. ಹಾಗಾಗಿ ‘ಒಂದೇ ಉಚ್ಚಾರದ ಎರಡು ಪದ’ ಅನ್ನೋ ತಳಪಾಯವೇ ಇಲ್ಲಿ ಬಿರುಕು ಬಿಡುತ್ತೆ. ವಿಪರ್ಯಾಸ ಏನಂದ್ರೆ, ಬಂಡಿಯ ಗಾಲಿಯನ್ನು ನೆಚ್ಚಿಕೊಂಡ ಈ ವಾದವನ್ನು ಮುರಿಯುವುದು ಬಂಡಿಯದೇ ಹೆಸರು ಹೊತ್ತ ಅಕ್ಷರ.

ಎರಡನೆಯದು, ‘ಎರಕ ಅಂದರೆ ತಾಮ್ರ’. ಇಲ್ಲಿ ತಮಿಳಿನ ‘ಎರುವೈ’ಯನ್ನು ತರುತ್ತಾರೆ. ಅದಕ್ಕೆ ನೆತ್ತರು, ತಾಮ್ರ ಅನ್ನೋ ಅರ್ಥಗಳಿವೆ. ಅದರ ಕನ್ನಡ ಜೋಡಿ ಕಡುಗೆಂಪು ಬಣ್ಣದ ‘ಎರೆ’. ಎರಡೂ ಬಣ್ಣದ ಪದಗಳು, ಎರಡೂ ಸಾದಾ ರ. ಸುರಿಯುವ ಎಱೆಗೂ ಇವಕ್ಕೂ ಸಂಬಂಧ ಇಲ್ಲ. ಅಂದರೆ ಒಂದು ‘ಎರಕ’ದ ಹೆಸರಲ್ಲಿ ಅಚ್ಚು, ಬಣ್ಣ, ಸುರಿಯುವುದು ಈ ಮೂರು ಬೇರುಗಳನ್ನು ಒಟ್ಟಿಗೆ ಹುರಿ ಹೊಸೆದಿದ್ದಾರೆ.

ಮೂರನೆಯದು ಕಾಲ. ಹರಪ್ಪ ನಾಗರಿಕತೆಯ ಪ್ರೌಢ ಹಂತ ಸುಮಾರು ಕ್ರಿ.ಪೂ. 2600ರಿಂದ 1900. ಹಲ್ಮಿಡಿಗೂ ಅದಕ್ಕೂ ಎರಡು ಸಾವಿರ ವರ್ಷಕ್ಕಿಂತ ಹೆಚ್ಚಿನ ಅಂತರ. ಇವತ್ತಿನ ಕನ್ನಡದ ‘ಎರಕ’ವನ್ನು ಹಾಗೇ ಎತ್ತಿ ಅಲ್ಲಿ ಕೂರಿಸೋಕೆ ಆಗಲ್ಲ. ಕನ್ನಡದ ಎಲೆ ತಮಿಳಿನಲ್ಲಿ ‘ಇಲೈ’, ಎಳ ಅಲ್ಲಿ ‘ಇಳ’, ಎಱಗು ಅಲ್ಲಿ ‘ಇಱಂಗು’, ಎಱೆ ಅಲ್ಲಿ ‘ಇಱೈ’. ಇದು ಕ್ರಮಬದ್ಧವಾದ ವ್ಯತ್ಯಾಸ, ಒಂದೆರಡು ಪದಗಳ ಆಟ ಅಲ್ಲ. ಮೂಲದಲ್ಲಿ ಇ ಇತ್ತೋ ಎ ಇತ್ತೋ ಅನ್ನೋದನ್ನು ಪ್ರತಿ ಪದಕ್ಕೂ ಬೇರೆ ಬೇರೆ ಭಾಷೆಗಳ ಸಾಕ್ಷಿ ಇಟ್ಟುಕೊಂಡು ತೀರ್ಮಾನಿಸಬೇಕು. ಜೊತೆಗೆ ಅಷ್ಟು ಹಿಂದಕ್ಕೆ ಹೋದಷ್ಟೂ ಱ ಸ್ಪರ್ಶಧ್ವನಿಗೆ ಹತ್ತಿರವಾಗುತ್ತೆ, ರ-ಕ್ಕೆ ದೂರವಾಗುತ್ತೆ. ಅಂದರೆ ಈ ಪದಗಳು ಇವತ್ತು ಎಷ್ಟು ಹತ್ತಿರ ಕೇಳುತ್ತವೋ ಅಷ್ಟು ಹತ್ತಿರ ಆಗ ಕೇಳುತ್ತಿರಲಿಲ್ಲ. ಶ್ಲೇಷೆ ಅನ್ನೋದು ಕಿವಿಗೆ ಸಂಬಂಧಪಟ್ಟದ್ದು. ಆ ಕಾಲದ ಕಿವಿಗೆ ಕೇಳಿಸದ ಶ್ಲೇಷೆಯನ್ನು ನಾವು ನಮ್ಮ ಕಿವಿಯಿಂದ ಕೇಳುತ್ತಿದ್ದೇವೆ.

ನಾಲ್ಕನೆಯದು ಸಂದರ್ಭ. ಧೋಲಾವೀರಾದಲ್ಲಿ ಸಿಕ್ಕ ದೊಡ್ಡ ಫಲಕದಲ್ಲಿ ಹತ್ತು ಗುರುತುಗಳಿವೆ, ಅವುಗಳಲ್ಲಿ ನಾಲ್ಕು ಇದೇ ಗಾಲಿಯಂಥ ಗುರುತು. ಪ್ರತಿ ಸಲವೂ ‘ಎರಕ’ ಅಂತ ಓದಿದರೆ ಒಂದು ಸಣ್ಣ ಸಾಲಿನಲ್ಲಿ ನಾಲ್ಕು ಸಲ ‘ಹೊಯ್ದ ಲೋಹ’. ಯಾವ ಭಾಷೆಯಲ್ಲಾದರೂ ಒಂದು ನಾಮಪದ ಹೀಗೆ ಬರುವುದು ವಿಚಿತ್ರ. ಇಷ್ಟು ಸಲ ಮರುಕಳಿಸುವ ಗುರುತು ಅಕ್ಷರವೋ ಪದಾಂಶವೋ ಬಿರುದೋ ಆಗಿರಬಹುದೇ ಅನ್ನೋ ಪ್ರಶ್ನೆಯನ್ನಾದರೂ ಕೇಳಬೇಕಿತ್ತು. ಈ ಓದಿನಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ, ಯಾಕಂದ್ರೆ ಉತ್ತರ ಮೊದಲೇ ನಿಂತುಬಿಟ್ಟಿದೆ: ಎಲ್ಲ ಗುರುತೂ ಲೋಹ.

ಹಾಗಂತ ಒಂದು ವಸ್ತುವಿನ ಚಿತ್ರ ಬರೆದು ಅದೇ ದನಿಯ ಇನ್ನೊಂದು ಪದ ಸೂಚಿಸುವ ವಿಧಾನವೇ ತಪ್ಪು ಅಂತ ನಾನು ಹೇಳ್ತಿಲ್ಲ. ಹಳೆಯ ಲಿಪಿಗಳು ಹಾಗೆ ಕೆಲಸ ಮಾಡಿವೆ. ಸಿಂಧೂ ಲಿಪಿಯ ಮೀನಿನ ಗುರುತನ್ನು ‘ಮೀನ್’ ಅಂತ ಓದಿ, ಅದರಲ್ಲಿ ನಕ್ಷತ್ರದ ಅರ್ಥ ಇರಬಹುದು ಅನ್ನೋ ಊಹೆಯನ್ನು ಆಸ್ಕೋ ಪಾರ್ಪೋಲಾ ವಿಸ್ತಾರವಾಗಿ ಮಂಡಿಸಿದ್ದಾರೆ. ಲಿಪಿ ಇನ್ನೂ ಓದಲ್ಪಟ್ಟಿಲ್ಲ, ಆ ಊಹೆಯನ್ನೂ ಎಲ್ಲರೂ ಒಪ್ಪಿಲ್ಲ. ಆದರೆ ಅಲ್ಲಿ ಒಂದು ಶಿಸ್ತು ಇದೆ. ಎರಡೂ ಅರ್ಥದ ಪದಗಳ ದನಿ ಒಂದೇ ಅಂತ ಹಳೆಯ ಸಾಹಿತ್ಯದಿಂದ ತೋರಿಸಬಹುದು. 1977ರಲ್ಲಿ ಐರಾವತಂ ಮಹಾದೇವನ್ ಅವರು ಪ್ರಕಟಿಸಿದ ಗುರುತುಗಳ ಪಟ್ಟಿ ಮತ್ತು ಅನುಕ್ರಮಣಿಕೆಯ ಬೆಲೆ ಇರುವುದೂ ಇದೇ ಕಾರಣಕ್ಕೆ: ಯಾವ ಗುರುತು ಎಲ್ಲಿ, ಯಾವುದರ ಪಕ್ಕ, ಎಷ್ಟು ಸಲ ಅನ್ನೋದನ್ನು ಓದುವ ಮೊದಲು ಎಣಿಸಿ ಇಟ್ಟರು. ಎರಕದ ವಾದದಲ್ಲಿ ಇಂಥ ಎಣಿಕೆಯೂ ಇಲ್ಲ, ದನಿಯ ಪರೀಕ್ಷೆಯೂ ಇಲ್ಲ. ಅದರ ಒಳ್ಳೆಯ ಅಂಶ ಒಂದಿದೆ, ಅದನ್ನು ಒಪ್ಪಿಕೊಳ್ಳೋಣ: ಹರಪ್ಪದವರ ಲೋಹವಿದ್ಯೆಯ ಕಡೆ ಸಾಮಾನ್ಯ ಓದುಗರ ಗಮನ ಸೆಳೆದಿದೆ. ಮೊಹೆಂಜೊದಾರೋದ ಕಂಚಿನ ನರ್ತಕಿ ಮೇಣದ ಅಚ್ಚಿನಲ್ಲಿ ಹೊಯ್ದದ್ದು. ಅವರಿಗೆ ಎರಕ ಗೊತ್ತಿತ್ತು ಅನ್ನೋದಕ್ಕೆ ಆ ಬೊಂಬೆಯೇ ಸಾಕು. ಅವರು ಅದನ್ನು ‘ಎರಕ’ ಅಂತ ಕರೆದರು ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ.

ಇದೇ ಅಳತೆಗೋಲು ಮನೆಯೊಳಗೂ

ದೂರದ ಹರಪ್ಪಕ್ಕೆ ಹಾಕಿದ ಅಳತೆಯನ್ನು ನಮ್ಮ ಪ್ರೀತಿಯ ನಿರುಕ್ತಗಳಿಗೂ ಹಾಕಬೇಕು. ಪ್ರತಿ ವರ್ಷ ಚೈತ್ರದ ಹುಣ್ಣಿಮೆಗೆ ಬೆಂಗಳೂರು ಕರಗ ನಡೆಯುವಾಗ ‘ಅಹಂಕಾರ ಕರಗುವುದರಿಂದ ಕರಗ’ ಅನ್ನೋ ವಿವರಣೆ ಕೇಳಿಬರುತ್ತೆ. ಕೈಯಿಂದ ಮುಟ್ಟದೆ ರುಂಡದ ಮೇಲೆ ಹೊತ್ತು ಗಮಿಸುವುದು, ಹಾಗಾಗಿ ಕ-ರ-ಗ ಅನ್ನೋ ಇನ್ನೊಂದು ವಿವರಣೆಯೂ ಇದೆ. ಭಕ್ತಿಯ ದೃಷ್ಟಿಯಿಂದ ಎರಡೂ ಚೆನ್ನಾಗಿವೆ.

ಆದರೆ ಪದದ ಇತಿಹಾಸ ಬೇರೆ. ಸಂಸ್ಕೃತದ ‘ಕರಕ’ ಅಂದರೆ ನೀರಿನ ಪಾತ್ರೆ, ಸನ್ಯಾಸಿಗಳ ಕೈಯಲ್ಲಿರುವ ಥರ. ಅದರ ತದ್ಭವ ಕನ್ನಡದ ಕರಗ. ತಮಿಳಿನಲ್ಲಿ ಅದೇ ‘ಕರಕಂ’, ತೊಲ್ಕಾಪ್ಪಿಯಂನ ಮರಪಿಯಲ್ ಭಾಗದಲ್ಲಿ ಅಂದಣರಿಗೆ ಸಲ್ಲುವ ವಸ್ತುಗಳ ಪಟ್ಟಿಯಲ್ಲಿ ದಾರ, ಮುಕ್ಕೋಲು, ಮಣೆಗಳ ಜೊತೆ ಬರುತ್ತೆ. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಅವರ ಕಲೆಯ ಹೆಸರೂ ಕರಗಾಟ್ಟಂ. ಈಗ ತಮಿಳಿನಲ್ಲಿ ಕರಗುವುದಕ್ಕೆ ಪದ ಏನು ನೋಡಿ: ‘ಕರೈ’. ಅದರಲ್ಲಿ ಗ-ಕಾರವೇ ಇಲ್ಲ. ಕನ್ನಡದ ‘ಕರಗು’ವಿನ ‘ಗು’ ಧಾತುವಿಗೆ ಆಮೇಲೆ ಸೇರಿದ ತುಂಡು. ಪಾತ್ರೆಯ ಹೆಸರು ಕರಗುವುದರಿಂದ ಹುಟ್ಟಿದ್ದರೆ, ಧಾತುವಿನಲ್ಲೇ ಗ ಇಲ್ಲದ ಭಾಷೆಯಲ್ಲಿ, ಅಷ್ಟು ಹಳೆಯ ಗ್ರಂಥದಲ್ಲಿ, ಮೂರನೇ ಅಕ್ಷರ ಎಲ್ಲಿಂದ ಬಂತು? ಹಾಗಾಗಿ ಕರಗ ಪಾತ್ರೆಯ ಹೆಸರು, ದ್ರವವಾಗುವುದರ ಹೆಸರಲ್ಲ. ಇದರಿಂದ ಕರಗದ ಮಹತ್ವ ಒಂದು ತೊಟ್ಟೂ ಕಡಿಮೆಯಾಗಲ್ಲ. ದ್ರೌಪದಮ್ಮನನ್ನು ನೆನೆದು ನಡೆಯುವವರಿಗೆ ನಿರುಕ್ತದ ಊರುಗೋಲು ಬೇಕಾಗಿಲ್ಲ.

ನಾವು ಮಾಡಬೇಕಾದ ಕೆಲಸ

ಕೊನೆಗೆ ನಮ್ಮದೇ ಕೆಲಸದ ಮಾತು. ಎರಕದ ವಾದ ಇಷ್ಟು ಸುಲಭವಾಗಿ ಹರಡಿದ್ದಕ್ಕೆ ಒಂದು ಕಾರಣ, ಅದನ್ನು ತಡೆಯಬಲ್ಲ ಅಕ್ಷರ ಪರದೆಯ ಮೇಲೆ ಕಾಣಿಸದೇ ಇರುವುದು. ಬಿ. ಎಲ್. ರೈಸ್ ಅವರ ಕಾಲದಿಂದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ಱ, ೞ ಎರಡನ್ನೂ ಉಳಿಸಿಕೊಂಡು ಅಚ್ಚಾಗಿವೆ. ಅದರಿಂದ ನಾವು ಟೈಪು ಮಾಡಿ ಹಂಚುವಾಗ ಱ ಹೋಗಿ ರ ಆಗುತ್ತೆ, ೞ ಹೋಗಿ ಳ ಆಗುತ್ತೆ. ‘ಕೀಬೋರ್ಡಿನಲ್ಲಿ ಇಲ್ಲ’, ‘ಓದುಗರಿಗೆ ಅರ್ಥ ಆಗಲ್ಲ’ ಅನ್ನೋ ಸಮಾಧಾನ ಬೇರೆ. ಯೂನಿಕೋಡ್‌ನಲ್ಲಿ ಎರಡಕ್ಕೂ ಸ್ವಂತ ಜಾಗ ಇದೆ. ೞಕ್ಕೆ ಅಲ್ಲಿ ಇಟ್ಟಿರುವ ಹೆಸರು ಮಾತ್ರ ತಪ್ಪಾಗಿ ‘ಫ’ ಅಂತಾಗಿದೆ. ಹೆಸರು ತಪ್ಪಿದ್ದರೂ ಅಕ್ಷರ ಸರಿಯಾಗಿ ಮೂಡುತ್ತೆ.

ಶಿಲೆಯಲ್ಲಿ ಅಕ್ಷರ ಸವೆದರೆ ಅದು ಮಳೆ-ಬಿಸಿಲಿನ ಕೆಲಸ. ತಾಮ್ರಪಟವನ್ನು ಕರಗಿಸಿ ಪಾತ್ರೆ ಮಾಡಿದರೆ ಅಜ್ಞಾನದ ಕೆಲಸ. ಕಲ್ಲಿನಲ್ಲಿ ಸ್ಪಷ್ಟವಾಗಿರುವ ಱವನ್ನು ನಾವೇ ರ ಅಂತ ಬರೆದು ಕೆಡಿಸಿದರೆ ಅದು ನಮ್ಮ ಸೋಮಾರಿತನ. ಹಾಗೆ ಕೆಡಿಸಿದ ಪಾಠ ಹತ್ತು ಕಡೆ ನಕಲಾಗುತ್ತೆ, ಹುಡುಕಾಟದಲ್ಲಿ ಮೊದಲು ಸಿಗುವುದೂ ಅದೇ. ನಾಳೆ ಎಱೆಯನ್ನು ಹುಡುಕಿದವರಿಗೆ ಏನೂ ಸಿಗಲ್ಲ, ಎರೆಯನ್ನು ಹುಡುಕಿದವರಿಗೆ ಒಡೆಯನೂ ಬೇಡುವವನೂ ಎರೆಹುಳುವೂ ಒಟ್ಟಿಗೆ ಸಿಗುತ್ತವೆ.

ಹಾಗಾಗಿ ಶಾಸನಪಾಠ ಹಾಕುವ ಎಲ್ಲರಲ್ಲಿ ವಿನಂತಿ ಇಷ್ಟೇ. ಮೂಲಪಾಠದಲ್ಲಿ ಱ, ೞ ಇದ್ದ ಹಾಗೇ ಇರಲಿ. ಓದಲು ಸುಲಭವಾಗಲಿ ಅಂದರೆ ಕೆಳಗೆ ಹೊಸಗನ್ನಡ ರೂಪ ಬೇರೆಯಾಗಿ ಕೊಡಿ. ಅಚ್ಚಿನ ಸಂಪುಟದಿಂದ ತೆಗೆದ ಪಾಠವಾದರೆ ಫೋಟೋ ಇಟ್ಟು ಆ ಒಂದು ಅಕ್ಷರವನ್ನು ಮತ್ತೊಮ್ಮೆ ತಾಳೆ ನೋಡಿ. ಯಾವುದಾದರೂ ಪದದ ಬೇರು ಹೇಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಹಳೆಯ ಶಾಸನದಲ್ಲಿ ಇದು ರ-ವೋ ಱ-ವೋ? ತಮಿಳು, ತೆಲುಗು, ತುಳುವಿನಲ್ಲಿ ಇದರ ಜೋಡಿ ಏನು? ಅರ್ಥ ಒಂದರಿಂದ ಇನ್ನೊಂದಕ್ಕೆ ಜಾರಿದ್ದು ಯಾವ ಕೆಲಸದ ಮೂಲಕ? ಎರಕದ ವಿಷಯದಲ್ಲಿ ಮೂರಕ್ಕೂ ಉತ್ತರ ಸಿಕ್ಕಿದೆ: ಱ, ‘ಇಱೈ’, ಸುರಿಯುವುದು. ಗಾಲಿಗೆ ಈ ಮೂರರಲ್ಲಿ ಎಲ್ಲೂ ಜಾಗ ಇಲ್ಲ.